ಚಿನ್ನದ ಚುಕ್ಕೆಯ ಮೇಲೆ ಡಿಎನ್‌ಎ ನೆಟ್ಟು ಕರೆಂಟ್ ಓದುವ ಕೆಲಸ

ಎಲೆಕ್ಟ್ರೋಡಿನ ಮೇಲೆ ಡಿಎನ್‌ಎಯನ್ನೋ ಪ್ರೋಟೀನನ್ನೋ ಹಿಡಿದು, ಹಿಡಿದದ್ದನ್ನು ಕರೆಂಟಿನ ಏರಿಳಿತವಾಗಿ ಓದುವ ಸೆನ್ಸರ್ ಕಟ್ಟಲು ಹೊರಟವರ ಮೊದಲ ಪ್ರಶ್ನೆ, ಇದು ಎಷ್ಟು ಕಡಿಮೆಯನ್ನು ಹಿಡಿಯುತ್ತದೆ ಎಂಬುದು. ಕೆಲಸಕ್ಕೆ ಇಳಿದು ನಾಲ್ಕು ದಿನ ಕಳೆದ ಮೇಲೆ ಆ ಪ್ರಶ್ನೆ ಹಿಂದೆ ಸರಿದು ಇನ್ನೊಂದು ಮುಂದೆ ಬರುತ್ತದೆ: ಹಿಡಿಯಲು ಏನೂ ಇಲ್ಲದಾಗ ಇದು ಎಷ್ಟು ಸುಮ್ಮನಿರುತ್ತದೆ? ಬರೀ ಬಫರಿನಲ್ಲಿ (ಪಿಎಚ್ ಬದಲಾಗದಂತೆ ಕಾಯುವ ದ್ರಾವಣದಲ್ಲಿ) ಅದ್ದಿಟ್ಟಾಗಲೇ ಸಿಗ್ನಲ್ ಗಂಟೆಗೆ ಶೇ. 5 ಜಾರುತ್ತಿದ್ದರೆ, ಟಾರ್ಗೆಟ್ (ಹಿಡಿಯಬೇಕಾದ ಅಣು) ತಂದ ಶೇ. 2ರ ಬದಲಾವಣೆಯನ್ನು ಅದರೊಳಗಿಂದ ಹೆಕ್ಕಿ ತೆಗೆಯುವುದು ಕಷ್ಟ. ಅದಕ್ಕೇ ಈ ಬರಹದ ದೊಡ್ಡ ಪಾಲು ಚಿನ್ನ ತೊಳೆಯುವುದಕ್ಕೆ, ಖಾಲಿ ಎಲೆಕ್ಟ್ರೋಡನ್ನು ಪಳಗಿಸುವುದಕ್ಕೆ ಹೋಗಿದೆ.

ನಾವು ಕಟ್ಟುವುದು ಎರಡು ಬಗೆ. ಮೊದಲನೆಯದು ಡಿಎನ್‌ಎಗೆ. 2 ಮಿಲಿಮೀಟರ್ ವ್ಯಾಸದ ಚಿನ್ನದ ಡಿಸ್ಕ್ ಎಲೆಕ್ಟ್ರೋಡು. ಅದರ ಮೇಲೆ ಸುಮಾರು 20 ಬೇಸ್ ಉದ್ದದ ಒಂಟಿ ಎಳೆಯ ಪ್ರೋಬ್, ಅಂದರೆ ಟಾರ್ಗೆಟನ್ನು ಹಿಡಿಯುವ ಡಿಎನ್‌ಎ ತುಂಡು. ಪ್ರೋಬಿನ 5′ ತುದಿಯಲ್ಲಿ ಆರು ಕಾರ್ಬನ್ನಿನ ಕೊಂಡಿಯ ಮೂಲಕ ಗಂಧಕವಿರುವ ಥಯಾಲ್ ಗುಂಪು, ಅದು ಚಿನ್ನವನ್ನು ಕಚ್ಚಿಕೊಳ್ಳುತ್ತದೆ. 3′ ತುದಿಯಲ್ಲಿ ಮಿಥಿಲೀನ್ ಬ್ಲೂ ಎಂಬ ನೀಲಿ ಬಣ್ಣ, ಅದು ಚಿನ್ನದೊಂದಿಗೆ ಎಲೆಕ್ಟ್ರಾನ್ ಕೊಟ್ಟು ತೆಗೆದುಕೊಳ್ಳುತ್ತದೆ. ಒಂಟಿ ಎಳೆ ಮೆತ್ತಗೆ ಓಲಾಡುವಾಗ ಮಿಥಿಲೀನ್ ಬ್ಲೂ ಆಗಾಗ ಚಿನ್ನದ ಹತ್ತಿರ ಬರುತ್ತದೆ. ಟಾರ್ಗೆಟ್ ಬಂದು ಜೋಡಿಯಾದರೆ ಎಳೆ ಕೋಲಿನಂತೆ ಬಿಗಿಯಾಗುತ್ತದೆ, ಹತ್ತಿರ ಬರುವುದು ಕಡಿಮೆಯಾಗುತ್ತದೆ, ಕರೆಂಟ್ ಇಳಿಯುತ್ತದೆ. ಚುನ್‌ಹಾಯ್ ಫ್ಯಾನ್, ಕೆವಿನ್ ಪ್ಲ್ಯಾಕ್ಸ್‌ಕೊ, ಅಲನ್ ಹೀಗರ್ 2003ರಲ್ಲಿ ಪ್ರಕಟಿಸಿದ, ಹೇರ್‌ಪಿನ್ನಿನಂತೆ ಮಡಚಿಕೊಳ್ಳುವ ಪ್ರೋಬಿನ ವಿನ್ಯಾಸದ ಸರಳ ರೂಪ ಇದು. ಎರಡನೆಯದು ಪ್ರೋಟೀನಿಗೆ: ಕಾಂತೀಯ ಮಣಿಗಳ ಮೇಲೆ ಪ್ರತಿಕಾಯ, ಅದರ ಮೇಲೆ ಟಾರ್ಗೆಟ್, ಅದರ ಮೇಲೆ ಕಿಣ್ವ ಹೊತ್ತ ಇನ್ನೊಂದು ಪ್ರತಿಕಾಯ. ಅದರ ಮಾತು ಆಮೇಲೆ.

ಹೊಳಪು ಬೇರೆ, ಶುಚಿ ಬೇರೆ

ಪಾಲಿಶ್ ಮಾಡುವುದು ಅಲ್ಯೂಮಿನಾ ಪುಡಿಯಿಂದ: ಮೊದಲು 1 ಮೈಕ್ರಾನ್, ಆಮೇಲೆ 0.3, ಕೊನೆಗೆ 0.05. ಮೂರಕ್ಕೂ ಬೇರೆ ಬೇರೆ ಬಟ್ಟೆ ಇರಲೇಬೇಕು. ಒರಟು ಪುಡಿಯ ನಾಲ್ಕು ಕಣ ನುಣುಪಿನ ಬಟ್ಟೆಗೆ ಬಿದ್ದರೆ ಆ ಬಟ್ಟೆ ಕೆಟ್ಟಂತೆಯೇ. ಎಲೆಕ್ಟ್ರೋಡನ್ನು ನೆಟ್ಟಗೆ ಹಿಡಿದು, ಭಾರ ಹಾಕದೆ, 8ರ ಆಕಾರದಲ್ಲಿ ಎರಡು ಮೂರು ನಿಮಿಷ ತಿರುಗಿಸಬೇಕು. ಕೈ ವಾಲಿದರೆ ಡಿಸ್ಕಿನ ಅಂಚು ಸವೆದು ಗುಮ್ಮಟದಂತಾಗುತ್ತದೆ. ನಂತರ ಎಥನಾಲಿನಲ್ಲಿ 5 ನಿಮಿಷ, ನೀರಿನಲ್ಲಿ 5 ನಿಮಿಷ ಸೋನಿಕೇಟ್ ಮಾಡುತ್ತೇವೆ, ಅಂದರೆ ಶ್ರವಣಾತೀತ ಕಂಪನದಿಂದ ತೊಳೆಯುತ್ತೇವೆ. ಸೋನಿಕೇಟರಿನಲ್ಲಿ ಅರ್ಧ ಗಂಟೆ ಮರೆತು ಬಿಟ್ಟರೆ ಚಿನ್ನಕ್ಕೂ ಸುತ್ತಲಿನ ಪ್ಲಾಸ್ಟಿಕ್ ಕವಚಕ್ಕೂ ನಡುವೆ ಕೂದಲೆಳೆಯ ಬಿರುಕು ಬಿಡುತ್ತದೆ; ದ್ರಾವಣ ಅದರೊಳಗೆ ಇಳಿದು ವೋಲ್ಟಮೋಗ್ರಾಮಿನ (ವೋಲ್ಟೇಜಿಗೆ ತಕ್ಕಂತೆ ಕರೆಂಟ್ ತೋರಿಸುವ ನಕ್ಷೆಯ) ಹಿನ್ನೆಲೆ ಗೆರೆ ಓರೆಯಾಗಿ ನಿಲ್ಲುತ್ತದೆ. ಆ ಎಲೆಕ್ಟ್ರೋಡನ್ನು ಎಷ್ಟು ತಿಕ್ಕಿದರೂ ಪ್ರಯೋಜನವಿಲ್ಲ.

ಪಿರಾನಾ ದ್ರಾವಣದ ಬಗ್ಗೆ ಒಂದು ಮಾತು. ಸಲ್ಫ್ಯೂರಿಕ್ ಆಮ್ಲಕ್ಕೆ ಹೈಡ್ರೋಜನ್ ಪೆರಾಕ್ಸೈಡ್ ಬೆರೆಸಿದ ಈ ದ್ರಾವಣ ಗಾಜಿನ ಮೇಲೆ ಲೇಪಿಸಿದ ಚಿನ್ನದ ಪದರಕ್ಕೆ ಸರಿ. ಪ್ಲಾಸ್ಟಿಕ್ ಅಥವಾ ಎಪಾಕ್ಸಿ ಕವಚದ ಎಲೆಕ್ಟ್ರೋಡಿಗೆ ಅದು ಬೇಡ. ಕವಚವೂ ಹಾಳು, ಎಥನಾಲಿನ ಪಸೆ ಉಳಿದಿದ್ದರೆ ಸಿಡಿಯುವ ಅಪಾಯವೂ ಇದೆ. ಮುಂದೆ ಹೇಳುವ ಎರಡು ವಿದ್ಯುತ್ ತೊಳೆತಗಳು ಅದೇ ಕೆಲಸವನ್ನು ಅಪಾಯವಿಲ್ಲದೆ ಮಾಡುತ್ತವೆ.

ಒಂದು, 0.5 ಮೋಲಾರ್ ಸೋಡಿಯಂ ಹೈಡ್ರಾಕ್ಸೈಡಿನಲ್ಲಿ −0.4ರಿಂದ −1.35 ವೋಲ್ಟ್ ನಡುವೆ ವೋಲ್ಟೇಜನ್ನು ಹಿಂದೆ ಮುಂದೆ ಓಡಿಸುವ ಹತ್ತಾರು ಸುತ್ತು. (ಇಲ್ಲಿ ಕೊಟ್ಟ ವೋಲ್ಟೇಜುಗಳೆಲ್ಲ, ಬೇರೆ ಹೇಳದಿದ್ದರೆ, ಸಿಲ್ವರ್–ಸಿಲ್ವರ್ ಕ್ಲೋರೈಡ್ ರೆಫರೆನ್ಸಿಗೆ, ಅಂದರೆ ವೋಲ್ಟೇಜ್ ಅಳೆಯಲು ಆಧಾರವಾಗುವ ಎಲೆಕ್ಟ್ರೋಡಿಗೆ, ಹೋಲಿಸಿದವು.) ಹಿಂದಿನ ಪ್ರಯೋಗದ ಥಯಾಲ್‌ಗಳು ಚಿನ್ನ ಬಿಟ್ಟು ಏಳುವುದು ಇಲ್ಲಿಯೇ. ಎರಡು, 0.5 ಮೋಲಾರ್ ಸಲ್ಫ್ಯೂರಿಕ್ ಆಮ್ಲದಲ್ಲಿ 0ಯಿಂದ +1.5 ವೋಲ್ಟಿಗೆ, ಸೆಕೆಂಡಿಗೆ 0.1 ವೋಲ್ಟ್ ವೇಗದಲ್ಲಿ, ಒಂದರ ಮೇಲೊಂದು ಸುತ್ತು ತಪ್ಪದೆ ಕೂರುವವರೆಗೆ; ಸಾಮಾನ್ಯವಾಗಿ 20ರಿಂದ 30 ಸುತ್ತು. ಮೇಲೆ ಹೋಗುವಾಗ ಚಿನ್ನದ ಆಕ್ಸೈಡ್ ಬೆಳೆಯುತ್ತದೆ, ಕೆಳಗೆ ಬರುವಾಗ +0.9 ವೋಲ್ಟಿನ ಸುಮಾರಿಗೆ ಅದು ಮತ್ತೆ ಚಿನ್ನವಾಗಿ ಒಂದು ಚೂಪು ಶಿಖರ ಕಾಣಿಸುತ್ತದೆ. ಶಿಖರ ಅಗಲವಾಗಿದ್ದರೆ, ಪಕ್ಕದಲ್ಲಿ ಇನ್ನೊಂದು ಉಬ್ಬು ಎದ್ದಿದ್ದರೆ, ಚಿನ್ನ ಇನ್ನೂ ಕೊಳೆಯಾಗಿದೆ. ಕನ್ನಡಿಯ ಹಾಗೆ ಹೊಳೆಯುತ್ತಿದೆ ಎಂಬುದು ಇಲ್ಲಿ ಸಾಕ್ಷಿಯಾಗುವುದಿಲ್ಲ.

ಈ ಶಿಖರದ ಕೆಳಗಿನ ವಿಸ್ತೀರ್ಣದಿಂದ, ಅಂದರೆ ಹರಿದ ಆವೇಶದಿಂದ, ನಿಜವಾದ ಮೇಲ್ಮೈ ಲೆಕ್ಕ ಸಿಗುತ್ತದೆ. ಚದರ ಸೆಂಟಿಮೀಟರ್ ಚಿನ್ನಕ್ಕೆ ಸುಮಾರು 390 ಮೈಕ್ರೋಕೂಲಂಬ್ ಎಂದು ಹಿಡಿಯುವುದು ರೂಢಿ. 2 ಮಿಲಿಮೀಟರ್ ಡಿಸ್ಕಿನ ಜ್ಯಾಮಿತೀಯ ವಿಸ್ತೀರ್ಣ 0.0314 ಚದರ ಸೆಂಟಿಮೀಟರ್. ತೀರಾ ಸಪಾಟಾಗಿದ್ದರೆ 12 ಮೈಕ್ರೋಕೂಲಂಬ್ ಬರಬೇಕು. ನಿಜದಲ್ಲಿ 15ರಿಂದ 20 ಬರುತ್ತದೆ, ಅಂದರೆ ಒರಟುತನದ ಗುಣಾಂಕ 1.2ರಿಂದ 1.6. ಒಂದೇ ಸರಣಿಯ ಎಲೆಕ್ಟ್ರೋಡುಗಳಲ್ಲಿ ಈ ಸಂಖ್ಯೆ ಹತ್ತಿರ ಹತ್ತಿರ ಇರಬೇಕು. ದೂರ ನಿಂತದ್ದನ್ನು ಆಗಲೇ ಪಕ್ಕಕ್ಕಿಡುವುದು ಒಳ್ಳೆಯದು. ಅದನ್ನೂ ಸೇರಿಸಿಕೊಂಡು ಹೋದರೆ ಕೊನೆಯಲ್ಲಿ ನಕ್ಷೆಯ ಎರರ್ ಬಾರ್ (ಅಳತೆಗಳ ಏರುಪೇರು ತೋರಿಸುವ ಗೆರೆ) ಯಾಕೆ ಇಷ್ಟು ದೊಡ್ಡದು ಎಂದು ತಲೆ ಕೆರೆದುಕೊಳ್ಳಬೇಕಾಗುತ್ತದೆ. ಒಂದು ಹುಷಾರು: ರೆಫರೆನ್ಸ್ ಎಲೆಕ್ಟ್ರೋಡಿನಿಂದ ಕ್ಲೋರೈಡ್ ಸೋರಿ ಆಮ್ಲಕ್ಕೆ ಬಂದರೆ ಈ ವೋಲ್ಟೇಜಿನಲ್ಲಿ ಚಿನ್ನವೇ ಕರಗುತ್ತದೆ. ಎರಡು ಕೋಣೆಯ ರೆಫರೆನ್ಸನ್ನೋ ಮರ್ಕ್ಯುರಿ ಸಲ್ಫೇಟ್ ರೆಫರೆನ್ಸನ್ನೋ ಬಳಸಿದರೆ ಆ ತೊಂದರೆ ಇಲ್ಲ. ಮರ್ಕ್ಯುರಿ ಸಲ್ಫೇಟ್ ಆದರೆ ವೋಲ್ಟೇಜಿನ ಅಂಕಿಗಳನ್ನು ಅದಕ್ಕೆ ತಕ್ಕಂತೆ ಬದಲಿಸಿಕೊಳ್ಳಬೇಕು.

ತೊಳೆದ ಚಿನ್ನವನ್ನು ಗಾಳಿಯಲ್ಲಿ ಬಿಟ್ಟು ಊಟಕ್ಕೆ ಹೋಗುವಂತಿಲ್ಲ. ಕೋಣೆಯ ಗಾಳಿಯಲ್ಲಿರುವ ಸಾವಯವ ಆವಿ ಅದರ ಮೇಲೆ ಕೂರಲು ಹೆಚ್ಚು ಹೊತ್ತು ಬೇಡ. ಪ್ರೋಬ್ ದ್ರಾವಣ ಸಿದ್ಧವಿಟ್ಟುಕೊಂಡೇ ಆಮ್ಲದ ಸುತ್ತು ಶುರು ಮಾಡುತ್ತೇವೆ.

ಪ್ರೋಬ್ ನೆಡುವುದು

ಥಯಾಲ್ ಪ್ರೋಬ್‌ಗಳು ಡೈಸಲ್ಫೈಡ್ ರೂಪದಲ್ಲಿ, ಅಂದರೆ ಎರಡು ಗಂಧಕ ಬೆಸೆದುಕೊಂಡು, ಬರುತ್ತವೆ. ಆ ಬಂಧವನ್ನು ಮೊದಲು ಕಡಿಯಬೇಕು. 100 ಮೈಕ್ರೋಮೋಲಾರ್ ಪ್ರೋಬ್ 2 ಮೈಕ್ರೋಲೀಟರ್, 10 ಮಿಲಿಮೋಲಾರ್ ಟಿಸಿಇಪಿ (ಆ ಬಂಧ ಕಡಿಯುವ ರಾಸಾಯನಿಕ) 4 ಮೈಕ್ರೋಲೀಟರ್ ಸೇರಿಸಿ ಕತ್ತಲೆಯಲ್ಲಿ ಒಂದು ಗಂಟೆ. ಟಿಸಿಇಪಿ ಆ ದಿನವೇ ಕರಗಿಸಿದ್ದಾಗಿರಲಿ. ತಟಸ್ಥ ಪಿಎಚ್‌ನ ಫಾಸ್ಫೇಟ್ ಬಫರಿನಲ್ಲಿ ಅದು ಬೇಗ ಹಾಳಾಗುತ್ತದೆ. ಹೊಸಬರು ಇಲ್ಲಿ ಹೆದರುವುದುಂಟು: ನೀಲಿ ದ್ರಾವಣ ನೋಡನೋಡುತ್ತ ಬಣ್ಣ ಕಳೆದುಕೊಳ್ಳುತ್ತದೆ. ಟಿಸಿಇಪಿ ಮಿಥಿಲೀನ್ ಬ್ಲೂವನ್ನೂ ಅಪಕರ್ಷಿಸಿ ಬಣ್ಣವಿಲ್ಲದ ರೂಪಕ್ಕೆ ತಂದಿರುತ್ತದೆ, ಅಷ್ಟೇ. ಟಿಸಿಇಪಿ ತೊಳೆದುಹೋದ ಮೇಲೆ ಗಾಳಿಯ ಆಮ್ಲಜನಕವೇ ಅದನ್ನು ಹಿಂದಕ್ಕೆ ತರುತ್ತದೆ.

ಬಫರ್ ಸೇರಿಸಿ ಒಟ್ಟು 1 ಮಿಲಿಲೀಟರ್ ಮಾಡಿದರೆ 200 ನ್ಯಾನೋಮೋಲಾರ್ ಪ್ರೋಬ್ ಆಯಿತು. ನಮ್ಮ ಬಫರ್: 10 ಮಿಲಿಮೋಲಾರ್ ಫಾಸ್ಫೇಟ್, 1 ಮೋಲಾರ್ ಸೋಡಿಯಂ ಕ್ಲೋರೈಡ್, 1 ಮಿಲಿಮೋಲಾರ್ ಮೆಗ್ನೀಸಿಯಂ ಕ್ಲೋರೈಡ್, ಪಿಎಚ್ 7. ಇಷ್ಟು ಉಪ್ಪು ಏಕೆಂದರೆ ಡಿಎನ್‌ಎಯ ಬೆನ್ನೆಲುಬು ಪೂರ್ತಿ ಋಣ ಆವೇಶ. ಉಪ್ಪು ಕಡಿಮೆಯಾದರೆ ಎಳೆಗಳು ಒಂದನ್ನೊಂದು ತಳ್ಳಿ ಚಿನ್ನದ ಮೇಲೆ ಸೇರುವುದಿಲ್ಲ, ಆಮೇಲೆ ಟಾರ್ಗೆಟನ್ನೂ ಹತ್ತಿರ ಬಿಡುವುದಿಲ್ಲ. ಲೋಹದ ಅಯಾನು ಹಿಡಿದುಕೊಳ್ಳುವ ಇಡಿಟಿಎ ಇರುವ ಟಿಇ ಬಫರಿನಲ್ಲಿ ಪ್ರೋಬ್ ಕರಗಿಸಿಟ್ಟಿದ್ದರೆ ಅದರ ಪಾಲಿನ ಇಡಿಟಿಎ ಮೆಗ್ನೀಸಿಯಂ ಕದಿಯುತ್ತದೆ, ಲೆಕ್ಕದಲ್ಲಿರಲಿ.

ಈ ದ್ರಾವಣದಲ್ಲಿ ಎಲೆಕ್ಟ್ರೋಡ್ ಒಂದು ಗಂಟೆ. ಚಿನ್ನದ ಮೇಲಿನ ಪ್ರೋಬ್ ಸಾಂದ್ರತೆ ನಿಗದಿಯಾಗುವುದು ಇಲ್ಲಿಯೇ, ಹೆಚ್ಚು ಸೆನ್ಸರುಗಳು ಸೋಲುವುದೂ ಇಲ್ಲಿಯೇ. ಹೆಚ್ಚು ಪ್ರೋಬ್ ಇದ್ದಷ್ಟೂ ಹೆಚ್ಚು ಸಿಗ್ನಲ್ ಎಂದುಕೊಂಡು 5 ಮೈಕ್ರೋಮೋಲಾರಿನಲ್ಲಿ ರಾತ್ರಿಯಿಡೀ ಅದ್ದಿಟ್ಟರೆ ಆರಂಭದ ಕರೆಂಟ್ ಭರ್ಜರಿಯಾಗಿ ಬರುತ್ತದೆ, ಟಾರ್ಗೆಟ್ ಹಾಕಿದಾಗ ಮಾತ್ರ ಅಲುಗುವುದಿಲ್ಲ. ಕಾರಣ ಜಾಗದ್ದು. ಚದರ ಸೆಂಟಿಮೀಟರಿಗೆ 2 × 10¹² ಪ್ರೋಬ್ ಅಂದರೆ ಪ್ರತಿ ಪ್ರೋಬಿಗೆ 50 ಚದರ ನ್ಯಾನೋಮೀಟರ್, ಅಕ್ಕಪಕ್ಕದವಕ್ಕೆ ಸುಮಾರು 7 ನ್ಯಾನೋಮೀಟರ್ ಅಂತರ. 20 ಬೇಸ್ ಜೋಡಿಯ ಕೋಲಿನ ದಪ್ಪ 2, ಉದ್ದ ಸುಮಾರು 6.8 ನ್ಯಾನೋಮೀಟರ್. ಅಷ್ಟು ಅಂತರವಿದ್ದರೆ ಟಾರ್ಗೆಟ್ ಒಳನುಗ್ಗಿ ಸುತ್ತಿಕೊಳ್ಳಬಹುದು. ಸಾಂದ್ರತೆ 10¹³ರ ಹತ್ತಿರ ಹೋದರೆ ಅಂತರ 3 ನ್ಯಾನೋಮೀಟರಿಗೆ ಇಳಿಯುತ್ತದೆ. ಒತ್ತೊತ್ತಾಗಿ ನಿಂತ ಜೊಂಡಿನ ನಡುವೆ ತೂರುವ ಕಥೆ. 2 × 10¹²ರ ಸಾಂದ್ರತೆ ಬೇಕಿದ್ದರೆ ಪ್ರೋಬನ್ನು 20ರಿಂದ 500 ನ್ಯಾನೋಮೋಲಾರ್ ನಡುವೆ ಐದಾರು ಹಂತದಲ್ಲಿ ಹಾಕಿ ನೋಡುವುದೇ ದಾರಿ.

ನಂತರ 6-ಮರ್ಕ್ಯಾಪ್ಟೊ-1-ಹೆಕ್ಸನಾಲ್. ಹೆರ್ನ್ ಮತ್ತು ಟಾರ್ಲೋವ್ 1997ರಲ್ಲಿ ತೋರಿಸಿದ ಈ ಹಂತಕ್ಕೆ ಇಂದಿಗೂ ಸರಿಸಾಟಿಯಾದ ಬದಲಿ ಹೆಚ್ಚೇನಿಲ್ಲ. ಈ ಪುಟ್ಟ ಥಯಾಲ್ ಖಾಲಿ ಚಿನ್ನವನ್ನು ತುಂಬುತ್ತದೆ. ಮಲಗಿಕೊಂಡು ಬೇಸುಗಳಿಂದ ಚಿನ್ನಕ್ಕೆ ಅಂಟಿದ್ದ ಎಳೆಗಳನ್ನು ಎಬ್ಬಿಸಿ ನಿಲ್ಲಿಸುತ್ತದೆ. ಬಾಟಲಿಯಲ್ಲಿರುವ ದ್ರವ ಸುಮಾರು 7.3 ಮೋಲಾರ್, ಹಾಗಾಗಿ 10 ಮಿಲಿಲೀಟರ್ ಬಫರಿಗೆ 2.7 ಮೈಕ್ರೋಲೀಟರ್ ಹಾಕಿದರೆ 2 ಮಿಲಿಮೋಲಾರ್. ಫ್ಯೂಮ್ ಹುಡ್ ಒಳಗೇ ಮಾಡಿ. ವಾಸನೆ ಹೊರಬಂದರೆ ಇಡೀ ಮಹಡಿ ಬಾಗಿಲು ತಟ್ಟುತ್ತದೆ. 4 ಡಿಗ್ರಿಯಲ್ಲಿ ರಾತ್ರಿಯಿಡೀ ಇಡುವುದು ನಮ್ಮ ಕ್ರಮ. ಒಂದು ಗಂಟೆಗೇ ತೆಗೆದರೂ ಸಿಗ್ನಲ್ ಬರುತ್ತದೆ, ಆದರೆ ಪದರ ಇನ್ನೂ ಹೊಂದಿಕೊಳ್ಳುತ್ತಿರುವುದರಿಂದ ಮರುದಿನ ಅಳೆಯುವಾಗ ಜಾರಾಟ ಹೆಚ್ಚು. ದಿನಗಟ್ಟಲೆ ಬಿಟ್ಟರೆ ಮರ್ಕ್ಯಾಪ್ಟೊಹೆಕ್ಸನಾಲ್ ಪ್ರೋಬುಗಳನ್ನೇ ಒಂದೊಂದಾಗಿ ಹೊರದಬ್ಬುತ್ತದೆ. ಹಳೆಯ, ಆಗಾಗ ಮುಚ್ಚಳ ತೆರೆದ ಬಾಟಲಿಯ ದ್ರವ ಅರ್ಧ ಡೈಸಲ್ಫೈಡ್ ಆಗಿರುತ್ತದೆ, ಚಿನ್ನವನ್ನು ಸರಿಯಾಗಿ ತುಂಬುವುದಿಲ್ಲ. ಒಂದೊಂದು ತಿಂಗಳು ಎಲ್ಲವೂ ವಿಚಿತ್ರವಾಗಿ ನಡೆಯುವಾಗ ಮೊದಲು ಅನುಮಾನಿಸಬೇಕಾದದ್ದು ಈ ಬಾಟಲಿಯನ್ನು.

ಪದರ ಕೂತಿತೇ ಎಂದು ನೋಡಲು ಬಫರಿನಲ್ಲಿ ಒಂದು ಸೈಕ್ಲಿಕ್ ವೋಲ್ಟಾಮೆಟ್ರಿ (ವೋಲ್ಟೇಜನ್ನು ಏರಿಸಿ ಇಳಿಸಿ ಕರೆಂಟ್ ಓದುವುದು) ಸಾಕು. ಬರಿ ಚಿನ್ನಕ್ಕೆ ಹೋಲಿಸಿದರೆ ಕೆಪ್ಯಾಸಿಟೆನ್ಸ್ (ಮೇಲ್ಮೈ ಆವೇಶ ಹಿಡಿದಿಡುವ ಶಕ್ತಿ) ಹಲವು ಪಟ್ಟು ಇಳಿದು ವೋಲ್ಟಮೋಗ್ರಾಮಿನ ಕುಣಿಕೆ ತೆಳ್ಳಗಾಗಿರಬೇಕು. ಅದೇ ಗೆರೆಯಲ್ಲಿ ಮಿಥಿಲೀನ್ ಬ್ಲೂ ಶಿಖರದ ವಿಸ್ತೀರ್ಣ ತೆಗೆದರೆ ಪ್ರೋಬಿನ ಎಣಿಕೆಯೂ ಸಿಗುತ್ತದೆ: ಪ್ರತಿ ಅಣುವಿಗೆ 2 ಎಲೆಕ್ಟ್ರಾನ್, ನಮ್ಮ ಡಿಸ್ಕಿನ ಮೇಲೆ 2 × 10¹² ಸಾಂದ್ರತೆಗೆ ಒಟ್ಟು ಸುಮಾರು 20 ನ್ಯಾನೋಕೂಲಂಬ್. ಮಿಥಿಲೀನ್ ಬ್ಲೂ ಲೇಬಲ್ ಇಲ್ಲದ ಪ್ರೋಬ್ ಆದರೆ ರುಥೇನಿಯಂ ಹೆಕ್ಸಾಅಮೈನ್ ವಿಧಾನ. ಕಡಿಮೆ ಉಪ್ಪಿನ ಬಫರಿನಲ್ಲಿ ಈ ಧನ ಅಯಾನು ಫಾಸ್ಫೇಟುಗಳಿಗೆ ಅಂಟಿಕೊಳ್ಳುತ್ತದೆ, ಕ್ರೋನೋಕೂಲೋಮೆಟ್ರಿಯಿಂದ (ಹೊತ್ತಿಗೆ ತಕ್ಕಂತೆ ಹರಿದ ಆವೇಶ ಅಳೆಯುವ ವಿಧಾನದಿಂದ) ಅದನ್ನು ಎಣಿಸಿ 3ರಿಂದ ಗುಣಿಸಿ ಬೇಸ್ ಸಂಖ್ಯೆಯಿಂದ ಭಾಗಿಸಿದರೆ ಎಳೆಗಳ ಲೆಕ್ಕ. ಉಪ್ಪು ಹೆಚ್ಚಿರುವ ಬಫರಿನಲ್ಲಿ ಇದನ್ನು ಮಾಡಿದರೆ ಸೋಡಿಯಂ ಆ ಜಾಗ ಹಿಡಿದು ಸುಳ್ಳು ಲೆಕ್ಕ ಬರುತ್ತದೆ.

ಅಳೆಯುವುದು

ನಾವು ಬಳಸುವುದು ಸ್ಕ್ವೇರ್ ವೇವ್ ವೋಲ್ಟಾಮೆಟ್ರಿ, ಅಂದರೆ ವೋಲ್ಟೇಜನ್ನು ಚೌಕ ಅಲೆಯ ಮಿಡಿತಗಳಲ್ಲಿ ಬದಲಿಸುತ್ತ ಕರೆಂಟ್ ಓದುವುದು: 0ಯಿಂದ −0.5 ವೋಲ್ಟ್, ಹೆಜ್ಜೆ 1 ಮಿಲಿವೋಲ್ಟ್, ಆಂಪ್ಲಿಟ್ಯೂಡ್ 25 ಮಿಲಿವೋಲ್ಟ್. ಶಿಖರ −0.25ರಿಂದ −0.3 ವೋಲ್ಟ್ ಸುತ್ತ ಬರುತ್ತದೆ. −0.5ರ ಆಚೆ ಹೋಗುವ ಆಸೆ ಬೇಡ, ಥಯಾಲ್‌ಗಳು ಚಿನ್ನ ಬಿಡಲು ಶುರುಮಾಡುವ ಕಡೆಗೆ ಅದು ದಾರಿ. ಆ ತುದಿಯಲ್ಲಿ ಕರಗಿದ ಆಮ್ಲಜನಕದ ಕರೆಂಟೂ ಏರಿ ಹಿನ್ನೆಲೆ ಗೆರೆಯನ್ನು ಬಾಗಿಸುತ್ತದೆ. ಬೇಕಿದ್ದರೆ 10 ನಿಮಿಷ ನೈಟ್ರೋಜನ್ ಹಾಯಿಸಿ. ಹಾಯಿಸುವುದಾದರೆ ಖಾಲಿ ಬಫರಿಗೂ ಮಾದರಿಗೂ ಸಮನಾಗಿ ಹಾಯಿಸಬೇಕು. ಒಂದಕ್ಕೆ ಮಾಡಿ ಇನ್ನೊಂದಕ್ಕೆ ಬಿಟ್ಟರೆ ಆಮ್ಲಜನಕವನ್ನೇ ಟಾರ್ಗೆಟ್ ಎಂದು ಓದುತ್ತೇವೆ.

ಫ್ರೀಕ್ವೆನ್ಸಿ ಆಯ್ಕೆಯಲ್ಲಿ ಹುದುಗಿರುವ ಉಪಾಯ ಬಹಳ ಕೆಲಸಕ್ಕೆ ಬರುತ್ತದೆ. ಟಾರ್ಗೆಟ್ ಬಂದಾಗ ಎಲೆಕ್ಟ್ರಾನ್ ವರ್ಗಾವಣೆಯ ವೇಗ ಬದಲಾಗುತ್ತದೆ ತಾನೇ? ಹೆಚ್ಚು ಫ್ರೀಕ್ವೆನ್ಸಿಯಲ್ಲಿ ಕೇಳಿದರೆ ನಿಧಾನವಾದ ಅಣುಗಳು ಉತ್ತರಿಸುವುದರೊಳಗೆ ಹೊತ್ತು ಮುಗಿದಿರುತ್ತದೆ, ಕರೆಂಟ್ ಇಳಿಯುತ್ತದೆ. ತಕ್ಕಷ್ಟು ಕಡಿಮೆ ಫ್ರೀಕ್ವೆನ್ಸಿಯಲ್ಲಿ ಅದೇ ಸೆನ್ಸರಿನ ಕರೆಂಟ್ ಏರಲೂಬಹುದು. 5ರಿಂದ 500 ಹರ್ಟ್ಸ್‌ವರೆಗೆ ಒಮ್ಮೆ ಟಾರ್ಗೆಟ್ ಇಲ್ಲದೆ, ಒಮ್ಮೆ ತುಂಬಿದ ಮೇಲೆ ಅಳೆದು ನಕ್ಷೆ ಹಾಕಿ, ಇಳಿಯುವ ಒಂದು, ಏರುವ (ಅಥವಾ ಕದಲದ) ಒಂದು ಆರಿಸಿಕೊಳ್ಳುತ್ತೇವೆ. ಎರಡನ್ನೂ ಅವುಗಳ ಆರಂಭದ ಮೌಲ್ಯದಿಂದ ಭಾಗಿಸಿ ವ್ಯತ್ಯಾಸ ತೆಗೆದರೆ, ಪ್ರೋಬ್ ಉದುರಿ ಆಗುವ ಜಾರಾಟ ಎರಡರಲ್ಲೂ ಒಂದೇ ರೀತಿ ಇರುವುದರಿಂದ ಬಹುಪಾಲು ಕಳೆದುಹೋಗುತ್ತದೆ. ಆಯ್ದ ಫ್ರೀಕ್ವೆನ್ಸಿ ಗೋಡೆಯ ಕರೆಂಟಿನ 50 ಅಥವಾ 60 ಹರ್ಟ್ಸಿನ ಮೇಲೂ ಅದರ ಗುಣಕಗಳ ಮೇಲೂ ಬೀಳದಿರಲಿ. ಸೆಲ್ಲನ್ನು ಹೊರಗಿನ ವಿದ್ಯುತ್ ಗದ್ದಲ ತಡೆಯುವ ಲೋಹದ ಫ್ಯಾರಡೆ ಪೆಟ್ಟಿಗೆಯಲ್ಲಿಡುವುದು ಹೇಗೂ ಸರಿ.

ಹೊಸ ಸೆನ್ಸರನ್ನು ಕೂಡಲೇ ಮಾದರಿಗೆ ಅದ್ದಬಾರದು. ಖಾಲಿ ಬಫರಿನಲ್ಲಿಟ್ಟು ಸ್ಕ್ಯಾನ್ ಮೇಲೆ ಸ್ಕ್ಯಾನ್ ಓಡಿಸಿ. ಮೊದಲ ಅರ್ಧ ಗಂಟೆ ಸಿಗ್ನಲ್ ಇಳಿಯುತ್ತಲೇ ಇರುತ್ತದೆ, ಸಡಿಲವಾಗಿ ಕೂತ ಎಳೆಗಳು ಹೊರಹೋಗುವ ಸಮಯ ಅದು. ಹತ್ತು ಸ್ಕ್ಯಾನಿಗೆ ಶೇ. 1ಕ್ಕಿಂತ ಕಡಿಮೆ ಬದಲಾವಣೆ ಬಂದಾಗ ಅದನ್ನು ಸೊನ್ನೆ ಎಂದು ಬರೆದುಕೊಳ್ಳುತ್ತೇವೆ. ಎರಡು ಗಂಟೆಯಾದರೂ ನಿಲ್ಲದಿದ್ದರೆ ಚಿನ್ನದ ಶುಚಿಯಲ್ಲೋ ಮರ್ಕ್ಯಾಪ್ಟೊಹೆಕ್ಸನಾಲಿನಲ್ಲೋ ದೋಷವಿದೆ, ಮೊದಲಿನಿಂದ ಶುರು. ಸಿಗ್ನಲ್ ಇದ್ದಕ್ಕಿದ್ದಂತೆ ಹಾರಿ ಬಿದ್ದರೆ ಮಾತ್ರ ರಸಾಯನಶಾಸ್ತ್ರ ಬಿಟ್ಟು ರೆಫರೆನ್ಸಿನ ತುದಿಯಲ್ಲಿ ಗುಳ್ಳೆ ಕೂತಿದೆಯೇ ನೋಡಿ, ಹತ್ತರಲ್ಲಿ ಎಂಟು ಸಲ ಅದೇ.

ಅಳತೆ ಮುಗಿದ ಮೇಲೆ 20 ಬೇಸಿನ ಜೋಡಿಯನ್ನು ಬಿಡಿಸಲು ಅಯಾನು ರಹಿತ ನೀರಿನಲ್ಲಿ ಅರ್ಧ ನಿಮಿಷ ತೊಳೆದರೆ ಸಾಕಾಗುತ್ತದೆ. ಉಪ್ಪಿಲ್ಲದೆ ಎರಡು ಎಳೆಗಳು ತಾವೇ ದೂರ ಸರಿಯುತ್ತವೆ. ಆರಂಭದ ಸಿಗ್ನಲಿನ ಶೇ. 95ಕ್ಕಿಂತ ಹೆಚ್ಚು ಮರಳಿದರೆ, ಕಂಡ ಇಳಿಕೆ ನಿಜಕ್ಕೂ ಜೋಡಣೆಯದು ಎಂಬುದಕ್ಕೆ ಅದೂ ಒಂದು ಪುರಾವೆ. ಮರಳದಿದ್ದರೆ ಪ್ರೋಬ್ ಉದುರಿತ್ತು, ಅಥವಾ ಮೇಲೆ ಏನೋ ಮೆತ್ತಿಕೊಂಡಿದೆ.

ಒಂದು ಗಂಟೆಯಲ್ಲಿ ಎಷ್ಟು ಅಣು ಬಂದಾವು

ಫೆಮ್ಟೋಮೋಲಾರ್ (10⁻¹⁵ ಮೋಲಾರ್), ಆಟೋಮೋಲಾರ್ (10⁻¹⁸ ಮೋಲಾರ್) ಎಂಬ ಅಂಕಿಗಳನ್ನು ಕೇಳಿದಾಗಲೆಲ್ಲ ಕಾಗದದ ಮೇಲೆ ಒಂದು ಲೆಕ್ಕ ಹಾಕುವುದು ಒಳ್ಳೆಯ ಅಭ್ಯಾಸ. ಚಿಕ್ಕ ಡಿಎನ್‌ಎ ಎಳೆಯ ಪ್ರಸರಣ ಗುಣಾಂಕ ಸೆಕೆಂಡಿಗೆ ಸುಮಾರು 10⁻⁶ ಚದರ ಸೆಂಟಿಮೀಟರ್. ಕಲಕದೆ ಒಂದು ಗಂಟೆ ಬಿಟ್ಟರೆ ಎಲೆಕ್ಟ್ರೋಡಿಗೆ ಬಂದು ತಾಗುವುದು 0.7 ಮಿಲಿಮೀಟರ್ ದಪ್ಪದ ಪದರದಲ್ಲಿದ್ದಷ್ಟು ಅಣುಗಳು. ನಮ್ಮ ಡಿಸ್ಕಿಗೆ ಅದು 2 ಮೈಕ್ರೋಲೀಟರಿನಷ್ಟು ದ್ರಾವಣ. ಬೀಕರಿನಲ್ಲಿ 5 ಮಿಲಿಲೀಟರ್ ಇದ್ದರೂ ಸೆನ್ಸರಿಗೆ ಕಂಡದ್ದು 2 ಮೈಕ್ರೋಲೀಟರ್. 1 ಫೆಮ್ಟೋಮೋಲಾರಿನಲ್ಲಿ ಆ ಹನಿಯೊಳಗಿರುವುದು ಸುಮಾರು 1,300 ಅಣು. ಡಿಸ್ಕಿನ ಮೇಲೆ ಕಾದು ನಿಂತ ಪ್ರೋಬುಗಳು 6 × 10¹⁰. ಬಂದವೆಲ್ಲ ಹಿಡಿದುಕೊಂಡರೂ ಕರೆಂಟಿನ ಬದಲಾವಣೆ ಐದು ಕೋಟಿಯಲ್ಲಿ ಒಂದು ಪಾಲು. ಅದನ್ನು ಯಾವ ಪೊಟೆನ್ಶಿಯೋಸ್ಟಾಟೂ (ಈ ಕರೆಂಟ್ ಅಳೆಯುವ ಯಂತ್ರವೂ) ಕಾಣದು.

ಅದೇ ಲೆಕ್ಕವನ್ನು ತಿರುಗಿಸಿದರೆ, ಶೇ. 1ರ ಬದಲಾವಣೆಯನ್ನು ನಂಬಿಕೆಯಿಂದ ಓದಬಲ್ಲ ಸೆನ್ಸರ್ ಕಲಕದೆ ಒಂದು ಗಂಟೆಯಲ್ಲಿ ಕಾಣಬಲ್ಲದ್ದು ಅರ್ಧ ನ್ಯಾನೋಮೋಲಾರ್. ಕಲಕಿ, ಹೊತ್ತು ಹೆಚ್ಚಿಸಿ ಹತ್ತಾರು ಪಿಕೋಮೋಲಾರಿಗೆ ಇಳಿಯಬಹುದು. ಅದಕ್ಕಿಂತ ಕೆಳಗೆ ಹೋಗುವವರು ಎರಡರಲ್ಲಿ ಒಂದನ್ನು ಮಾಡಿರಲೇಬೇಕು: ಹೆಚ್ಚು ದ್ರಾವಣದಿಂದ ಅಣುಗಳನ್ನು ಒಟ್ಟುಗೂಡಿಸಿರಬೇಕು, ಇಲ್ಲವೇ ಒಂದು ಅಣುವಿನಿಂದ ಸಾವಿರಾರು ಎಲೆಕ್ಟ್ರಾನ್ ಹೊರಡಿಸಿರಬೇಕು. ರೋಲಿಂಗ್ ಸರ್ಕಲ್ ಆಂಪ್ಲಿಫಿಕೇಶನ್, ಹೈಬ್ರಿಡೈಸೇಶನ್ ಚೈನ್ ರಿಯಾಕ್ಷನ್, ಕ್ಯಾಸ್12ಎ ಕತ್ತರಿ, ಕಿಣ್ವ — ಎಲ್ಲವೂ ಎರಡನೆಯ ಗುಂಪು. ಎರಡೂ ಇಲ್ಲದೆ ಬರಿ ಚಿನ್ನ, ಬರಿ ಪ್ರೋಬಿನಿಂದ ಆಟೋಮೋಲಾರ್ ಬಂದಿದೆ ಎಂದರೆ ನಾವು ಮೊದಲು ಖಾಲಿ ಮಾದರಿಯ ಅಂಕಿ ಎಲ್ಲಿದೆ ಎಂದು ಹುಡುಕುತ್ತೇವೆ. 10 ಮೈಕ್ರೋಲೀಟರ್ ಹನಿಯಲ್ಲಿ 1 ಆಟೋಮೋಲಾರ್ ಅಂದರೆ 6 ಅಣು. ಪಿಪೆಟ್ಟಿನ ತುದಿಯ ಪ್ಲಾಸ್ಟಿಕ್ಕಿಗೆ ಅದಕ್ಕಿಂತ ಹೆಚ್ಚು ಅಂಟಿಕೊಂಡಿರುತ್ತವೆ.

ಪ್ರೋಟೀನಿಗೆ ಮಣಿಗಳು

ಪ್ರೋಟೀನಿಗೂ ಚಿನ್ನದ ಮೇಲೇ ಪ್ರತಿಕಾಯ ಕೂರಿಸಬಹುದು. ಕಾರ್ಬಾಕ್ಸಿಲ್ ತುದಿಯ ಥಯಾಲ್ ಪದರಕ್ಕೆ 0.4 ಮೋಲಾರ್ ಇಡಿಸಿ, 0.1 ಮೋಲಾರ್ ಎನ್‌ಎಚ್‌ಎಸ್ (ಪದರದ ತುದಿಗಳನ್ನು ಪ್ರತಿಕಾಯದ ಜೊತೆ ಬೆಸೆಯಲು ಸಕ್ರಿಯಗೊಳಿಸುವ ರಾಸಾಯನಿಕಗಳು) ಕೊಟ್ಟು 15 ನಿಮಿಷ, ತೊಳೆದು ಕೂಡಲೇ ಮಿಲಿಲೀಟರಿಗೆ 10ರಿಂದ 50 ಮೈಕ್ರೋಗ್ರಾಂ ಪ್ರತಿಕಾಯ, ಉಳಿದ ಸಕ್ರಿಯ ತುದಿಗಳನ್ನು ಪಿಎಚ್ 8.5ರ 1 ಮೋಲಾರ್ ಎಥನಾಲಮೀನಿನಿಂದ ಮುಚ್ಚುವುದು. ಇಲ್ಲಿ ಕೆಡುವುದು ಬಹುಮಟ್ಟಿಗೆ ಎರಡು ಕಾರಣಕ್ಕೆ. ಇಡಿಸಿ ಬಾಟಲಿಯನ್ನು ಫ್ರೀಜರಿನಿಂದ ತೆಗೆದು ತಣ್ಣಗಿರುವಾಗಲೇ ಮುಚ್ಚಳ ತೆರೆದರೆ ಗಾಳಿಯ ತೇವ ಕುಡಿದು ಸಾಯುತ್ತದೆ. ಪ್ರತಿಕಾಯದ ಬಾಟಲಿಯಲ್ಲಿ ಟ್ರಿಸ್ ಅಥವಾ ಗ್ಲೈಸಿನ್ ಇದ್ದರೆ ಅವುಗಳ ಅಮೈನ್ ಗುಂಪೇ ಎಲ್ಲ ತುದಿಗಳನ್ನೂ ಮೊದಲೇ ತಿಂದುಬಿಡುತ್ತದೆ. ಮೊದಲು ಬಫರ್ ಬದಲಿಸಿಕೊಳ್ಳಬೇಕು.

ಆದರೂ ಕಡಿಮೆ ಪ್ರಮಾಣಕ್ಕೆ ನಮ್ಮ ಒಲವು ಕಾಂತೀಯ ಮಣಿಗಳ ಕಡೆಗೆ. ಮೇಲಿನ 2 ಮೈಕ್ರೋಲೀಟರಿನ ತೊಡಕನ್ನು ಮಣಿಗಳು ದಾಟುತ್ತವೆ. 1 ಮಿಲಿಲೀಟರ್ ಮಾದರಿಯ ತುಂಬ ಓಡಾಡಿ ಹಿಡಿದುಕೊಂಡು, ಆಯಸ್ಕಾಂತದಿಂದ ಒಂದು ಮೂಲೆಗೆ ಬರುತ್ತವೆ. ಲೇಬಲ್ ಪ್ರತಿಕಾಯದ ಮೇಲೆ ಎಚ್‌ಆರ್‌ಪಿ ಕಿಣ್ವ. ಟಿಎಂಬಿ ಮತ್ತು ಹೈಡ್ರೋಜನ್ ಪೆರಾಕ್ಸೈಡ್ ಕೊಟ್ಟಾಗ ಕಿಣ್ವ ಉತ್ಪತ್ತಿ ಮಾಡುವ ಆಕ್ಸಿಡೀಕೃತ ಟಿಎಂಬಿಯನ್ನು ಪ್ರಿಂಟ್ ಮಾಡಿದ ಕಾರ್ಬನ್ ಎಲೆಕ್ಟ್ರೋಡಿನ ಮೇಲೆ, ಅದರದೇ ಬೆಳ್ಳಿ ರೆಫರೆನ್ಸಿಗೆ ಹೋಲಿಸಿ −0.2 ವೋಲ್ಟ್ ಸುತ್ತ ಅಪಕರ್ಷಿಸಿ, 60 ಸೆಕೆಂಡಿನ ಬಳಿಕದ ಕರೆಂಟ್ ಓದುತ್ತೇವೆ. ಈ ಬೆಳ್ಳಿ ರೆಫರೆನ್ಸ್ ನೆಚ್ಚಿಕೊಳ್ಳುವಂಥದ್ದಲ್ಲ. ಕ್ಲೋರೈಡ್ ಹತ್ತು ಪಟ್ಟು ಬದಲಾದರೆ ಅದು 59 ಮಿಲಿವೋಲ್ಟ್ ಸರಿಯಬಹುದು. ಬಫರಿನ ಕ್ಲೋರೈಡನ್ನು ಎಲ್ಲ ಹಂತದಲ್ಲೂ ಒಂದೇ ಇಡಿ.

ಈಗ ಇನ್ನೊಂದು ಲೆಕ್ಕ, ನಮ್ಮ ಕೆಲಸದ ತಿರುಳು ಇದರಲ್ಲಿದೆ. 1 ಮಿಲಿಲೀಟರಿನಲ್ಲಿ 1 ಫೆಮ್ಟೋಮೋಲಾರ್ ಅಂದರೆ 6 ಲಕ್ಷ ಟಾರ್ಗೆಟ್ ಅಣು. ಅವಕ್ಕೆ ಲೇಬಲ್ ಹಚ್ಚಲು ಮಿಲಿಲೀಟರಿಗೆ 0.1 ಮೈಕ್ರೋಗ್ರಾಂ ಪ್ರತಿಕಾಯವನ್ನು 100 ಮೈಕ್ರೋಲೀಟರ್ ಹಾಕಿದರೆ ಅದರಲ್ಲಿರುವುದು 4 × 10¹⁰ ಪ್ರತಿಕಾಯ. ಅದರಲ್ಲಿ ಲಕ್ಷಕ್ಕೊಂದು ಮಾತ್ರ ಟಾರ್ಗೆಟ್ ಇಲ್ಲದೆಯೇ ಮಣಿಗೋ ಟ್ಯೂಬಿನ ಗೋಡೆಗೋ ಅಂಟಿಕೊಂಡರೂ 4 ಲಕ್ಷ ಸುಳ್ಳು ಲೇಬಲ್, ನಿಜವಾದ ಸಿಗ್ನಲಿಗೆ ಹತ್ತಿರ ಹತ್ತಿರ ಸಮ. ಇನ್ನೂ ಚುರುಕಾದ ಕಿಣ್ವ ತಂದರೆ ನಿಜವೂ ಸುಳ್ಳೂ ಒಟ್ಟಿಗೆ ಏರುತ್ತವೆ, ಲಾಭವಿಲ್ಲ. ದುಡಿಯಬೇಕಾದದ್ದು ಆ ಲಕ್ಷಕ್ಕೊಂದನ್ನು ಹತ್ತು ಲಕ್ಷಕ್ಕೊಂದು ಮಾಡುವುದರಲ್ಲಿ.

ಅದಕ್ಕೆ ಮಾಡುವುದು ಇಷ್ಟು. ಕಿಣ್ವ ಹೊತ್ತ ಲೇಬಲ್ ಪ್ರತಿಕಾಯವನ್ನು ಹಂತಹಂತವಾಗಿ ತೆಳುಮಾಡುತ್ತ, ಖಾಲಿ ಮಾದರಿಯ ಕರೆಂಟ್ ಟಾರ್ಗೆಟಿನದಕ್ಕಿಂತ ಬೇಗ ಇಳಿಯುವ ಜಾಗದಲ್ಲಿ ನಿಲ್ಲುವುದು. ಶೇ. 1 ಬಿಎಸ್‌ಎಯಿಂದ (ದನದ ಸೀರಂನ ಆಲ್ಬುಮಿನ್ ಪ್ರೋಟೀನಿನಿಂದ) ಖಾಲಿ ಜಾಗ ಮುಚ್ಚುವುದು; ಶೇ. 0.05 ಟ್ವೀನ್-20 (ಸಾಬೂನಿನಂಥ ವಸ್ತು) ಇರುವ ಬಫರಿನಲ್ಲಿ ನಾಲ್ಕೈದು ತೊಳೆತ. ಕೊನೆಯ ತೊಳೆತಕ್ಕೆ ಮೊದಲು ಮಣಿಗಳನ್ನು ಹೊಸ ಟ್ಯೂಬಿಗೆ ವರ್ಗಾಯಿಸುವುದು, ಏಕೆಂದರೆ ಹಳೆಯ ಟ್ಯೂಬಿನ ಗೋಡೆಗೆ ಅಂಟಿದ ಕಿಣ್ವವೂ ಟಿಎಂಬಿ ತಿನ್ನುತ್ತದೆ. ಖರ್ಚಿಲ್ಲದ ಈ ಒಂದು ಕೆಲಸ ಖಾಲಿ ಸಿಗ್ನಲನ್ನು ಇಳಿಸುವಷ್ಟು ದುಬಾರಿ ರಾಸಾಯನಿಕಗಳೂ ಇಳಿಸುವುದಿಲ್ಲ. ಕೊನೆಯ ತೊಳೆತ ಟ್ವೀನ್ ಇಲ್ಲದ ಬಫರಿನಲ್ಲಿ. ಉಳಿದ ಟ್ವೀನ್ ಕಾರ್ಬನ್ ಮೇಲೆ ಹರಡಿ ಕರೆಂಟ್ ಕೆಡಿಸುತ್ತದೆ. ಬಫರ್ ಕೆಡದಿರಲೆಂದು ಸೋಡಿಯಂ ಅಜೈಡ್ ಹಾಕಿಟ್ಟಿದ್ದರೆ ಎಚ್‌ಆರ್‌ಪಿ ನಿಂತುಹೋಗುತ್ತದೆ. ಬದಲಿಗೆ ಅಲ್ಕಲೈನ್ ಫಾಸ್ಫಟೇಸ್ ಬಳಸುವವರು ಫಾಸ್ಫೇಟ್ ಬಫರಿನಿಂದ ದೂರವಿರಬೇಕು.

ಟಾರ್ಗೆಟ್ ತೀರಾ ಹೆಚ್ಚಿದ್ದಾಗ ಸಿಗ್ನಲ್ ಇಳಿಯುವುದೂ ಉಂಟು. ಹಿಡಿಯುವ ಮತ್ತು ಲೇಬಲ್ ಪ್ರತಿಕಾಯಗಳನ್ನು ಒಟ್ಟಿಗೆ ಹಾಕಿದಾಗ ಎರಡಕ್ಕೂ ಬೇರೆ ಬೇರೆ ಟಾರ್ಗೆಟ್ ಸಿಕ್ಕಿ ಸ್ಯಾಂಡ್‌ವಿಚ್ ಆಗುವುದೇ ಇಲ್ಲ. ಅನುಮಾನವಿದ್ದರೆ ಅದೇ ಮಾದರಿಯನ್ನು ಹತ್ತು ಪಟ್ಟು ತೆಳುಮಾಡಿ ನೋಡಿ. ಸಿಗ್ನಲ್ ಏರಿದರೆ ಇದೇ ಕಾರಣ.

ಪ್ರತಿಕಾಯದ ಬದಲು ಆಪ್ಟಮರ್ (ಮಡಚಿಕೊಂಡು ಟಾರ್ಗೆಟನ್ನು ಹಿಡಿಯುವ ಡಿಎನ್‌ಎ ಎಳೆ) ಆದರೆ ಮೊದಲ ಬಗೆಯ ಚಿನ್ನದ ಸೆನ್ಸರೇ ಸಾಕು. 15 ಬೇಸಿನ ಥ್ರಾಂಬಿನ್ ಆಪ್ಟಮರ್ ಇದಕ್ಕೆ ಹಳೆಯ ಉದಾಹರಣೆ. ಅದು ನಾಲ್ಕೆಳೆಯ ಆಕಾರಕ್ಕೆ ಮಡಚಿಕೊಳ್ಳಲು ಪೊಟ್ಯಾಸಿಯಂ ನೆರವಾಗುತ್ತದೆ. ಹಾಗಾಗಿ ಪೊಟ್ಯಾಸಿಯಂ ಇಲ್ಲದ ಬಫರಿನಲ್ಲಿ ಸೊನ್ನೆ ಅಳೆದು ಪೊಟ್ಯಾಸಿಯಂ ಇರುವ ಮಾದರಿಗೆ ಅದ್ದಿದರೆ, ಥ್ರಾಂಬಿನ್ ಇಲ್ಲದಿದ್ದರೂ ಸಿಗ್ನಲ್ ಕದಲುತ್ತದೆ.

ಇಂಪೀಡೆನ್ಸ್ (ಎಲೆಕ್ಟ್ರೋಡಿನ ಮೇಲೆ ಕರೆಂಟಿಗೆ ಒದಗುವ ಅಡ್ಡಿಯನ್ನು ಅಳೆಯುವ ವಿಧಾನ) ಬಗ್ಗೆ ಕೇಳುವವರಿಗೆ ಚುಟುಕಾಗಿ: ಲೇಬಲ್ ಬೇಡ ಎಂಬುದು ಅದರ ಆಕರ್ಷಣೆ, ಏನು ಅಂಟಿದರೂ ಪ್ರತಿರೋಧ ಏರುತ್ತದೆ ಎಂಬುದು ಅದರ ಶಾಪ. ಅದರಲ್ಲಿ ಬಳಸುವ ಫೆರೊ-ಫೆರಿ ಸಯನೈಡ್ ದ್ರಾವಣ ಬೆಳಕಿನಲ್ಲಿ ನಿಧಾನವಾಗಿ ಸಯನೈಡ್ ಬಿಟ್ಟು ಚಿನ್ನವನ್ನೇ ತಿನ್ನುತ್ತದೆ. ಪ್ರತಿದಿನ ಹೊಸದು ಮಾಡಿ, ಕಂದು ಬಾಟಲಿಯಲ್ಲಿಡಿ.

ಅಂಕಿ ಬರೆಯುವಾಗ, ಸೀರಂಗೆ ಇಳಿಯುವಾಗ

ಪತ್ತೆಯ ಮಿತಿಗೆ ಖಾಲಿ ಮಾದರಿಗಳ ಪ್ರಮಾಣ ವಿಚಲನದ ಮೂರು ಪಟ್ಟು ಎಂಬ ಸೂತ್ರ ಎಲ್ಲರಿಗೂ ಗೊತ್ತು. ಆದರೆ ಆ ವಿಚಲನ ಎಲ್ಲಿಂದ ಬಂತು? ಒಂದೇ ಎಲೆಕ್ಟ್ರೋಡಿನ ಮೇಲೆ ಹತ್ತು ಸ್ಕ್ಯಾನ್ ತೆಗೆದರೆ ಅದು ಯಂತ್ರದ ಗದ್ದಲವಷ್ಟೇ. ಬೇರೆ ಬೇರೆ ದಿನ ಪಾಲಿಶ್ ಮಾಡಿ ಕಟ್ಟಿದ ಹತ್ತು ಎಲೆಕ್ಟ್ರೋಡುಗಳ ಖಾಲಿ ಸಿಗ್ನಲ್ ತೆಗೆದಾಗ ಮಿತಿ ಹತ್ತು ಪಟ್ಟು ಮೇಲೇರಿದರೂ ಅಚ್ಚರಿಯಿಲ್ಲ. ಅದೇ ನಿಜವಾದ ಅಂಕಿ. ಲಾಗ್ ಅಕ್ಷದ ಮೇಲೆ ಎಳೆದ ನೇರ ಗೆರೆಯನ್ನು ಕೆಳಕ್ಕೆ ಮುಂದುವರಿಸಿ ಮಿತಿ ಹೇಳುವ ರೂಢಿ ಇನ್ನೂ ಹೋಗಿಲ್ಲ. ಲಾಗ್ ಅಕ್ಷದಲ್ಲಿ ಸೊನ್ನೆಗೆ ಜಾಗವೇ ಇಲ್ಲದಿರುವಾಗ ಖಾಲಿ ಮಾದರಿ ಆ ಗೆರೆಯಲ್ಲಿ ಎಲ್ಲಿ ಕೂರಬೇಕು? ಹೇಳಿದ ಮಿತಿಯಲ್ಲೇ ಮಾದರಿ ತಯಾರಿಸಿ ಅಳೆದು, ಖಾಲಿಯಿಂದ ಅದು ಬೇರೆಯಾಗಿ ಕಾಣುತ್ತದೆಯೇ ನೋಡುವುದು ಒಂದು ದಿನದ ಕೆಲಸ.

ನ್ಯಾನೋಮೋಲಾರಿಗಿಂತ ಕೆಳಗಿನ ದ್ರಾವಣಗಳನ್ನು ಅಂಟು ಕಡಿಮೆಯ ಟ್ಯೂಬಿನಲ್ಲಿ ಮಾಡಿ, ಪ್ರೋಟೀನಿಗಾದರೆ ಶೇ. 0.1 ಬಿಎಸ್‌ಎ, ಡಿಎನ್‌ಎಗಾದರೆ ಸಂಬಂಧವಿಲ್ಲದ ಬೇರೆ ಡಿಎನ್‌ಎ ಸೇರಿಸುತ್ತೇವೆ, ಗೋಡೆಗೆ ಅಂಟುವುದಿದ್ದರೆ ಅವು ಅಂಟಲಿ. ಪ್ರತಿ ಹಂತಕ್ಕೂ ಹೊಸ ಟಿಪ್. ಅಳೆಯುವುದು ಖಾಲಿಯಿಂದ ಶುರುವಾಗಿ ಕಡಿಮೆಯಿಂದ ಹೆಚ್ಚಿಗೆ, ಎಂದೂ ತಿರುಗುಮುರುಗಾಗಿ ಅಲ್ಲ.

ಬಫರಿನಲ್ಲಿ ಚೆನ್ನಾಗಿ ನಡೆದದ್ದು ಸೀರಂನಲ್ಲಿ ನಡೆಯುತ್ತದೆಂಬ ಭರವಸೆ ಇಲ್ಲ. ಅದ್ದಿದ ಕೆಲವೇ ನಿಮಿಷದಲ್ಲಿ ಆಲ್ಬುಮಿನ್ ಮೆತ್ತಿಕೊಂಡು ಸಿಗ್ನಲ್ ಇಳಿಯುತ್ತದೆ. ನಮ್ಮ ಡಿಎನ್‌ಎ ಸೆನ್ಸರಿನಲ್ಲಿ ಟಾರ್ಗೆಟ್ ಬಂದರೂ ಇಳಿಯುವುದೇ, ಹಾಗಾಗಿ ಎರಡನ್ನೂ ಒಂದರಿಂದೊಂದು ಬೇರ್ಪಡಿಸಲು ಪಕ್ಕದಲ್ಲಿ ಬೇರೆ ಅನುಕ್ರಮದ ಪ್ರೋಬ್ ಇರುವ ಇನ್ನೊಂದು ಎಲೆಕ್ಟ್ರೋಡ್ ಅದೇ ಸೀರಂನಲ್ಲಿ ಇರಲೇಬೇಕು. ಸೊನ್ನೆಯನ್ನೂ ಬಫರಿನಲ್ಲಿ ತೆಗೆಯದೆ ಟಾರ್ಗೆಟ್ ಇಲ್ಲದ ಸೀರಂನಲ್ಲಿ, ಅಷ್ಟೇ ತೆಳುಮಾಡಿ ತೆಗೆಯುತ್ತೇವೆ. ಅಂಥ ಸೀರಂ ಸಿಗದಿದ್ದರೆ ಗೊತ್ತಿರುವ ಪ್ರಮಾಣವನ್ನು ಮಾದರಿಗೇ ಸೇರಿಸುತ್ತ ಹೋಗುವ ವಿಧಾನ. ಸೀರಂನ ನ್ಯೂಕ್ಲಿಯೇಸುಗಳು ಟಾರ್ಗೆಟನ್ನೂ ಪ್ರೋಬನ್ನೂ ಕತ್ತರಿಸುತ್ತವೆ. ಆರ್‌ಎನ್‌ಎ ಹುಡುಕುವಾಗಂತೂ ಮಾದರಿ ಮೇಜಿನ ಮೇಲೆ ಕಾದಷ್ಟೂ ಟಾರ್ಗೆಟ್ ಕರಗುತ್ತ ಹೋಗುತ್ತದೆ.

ಕಟ್ಟಿದ ಸೆನ್ಸರುಗಳನ್ನು ಒಣಗಲು ಬಿಡದೆ ಬಫರಿನಲ್ಲಿ ಮುಳುಗಿಸಿ, 4 ಡಿಗ್ರಿಯಲ್ಲಿ, ಕತ್ತಲೆಯಲ್ಲಿ ಇಡುತ್ತೇವೆ. ಬೆಳಕು ಬಿದ್ದರೆ ಮಿಥಿಲೀನ್ ಬ್ಲೂ ಮಾಸುತ್ತದೆ. ಬಳಸುವ ದಿನ ಮತ್ತೆ ಖಾಲಿ ಬಫರಿನಲ್ಲಿ ಸ್ಕ್ಯಾನ್ ಓಡಿಸಿ, ಕಟ್ಟಿದ ದಿನದ ಕರೆಂಟಿಗೆ ಹೋಲಿಸುತ್ತೇವೆ. ಶೇ. 20ಕ್ಕಿಂತ ಹೆಚ್ಚು ಕಳೆದುಕೊಂಡದ್ದು ನೇರ ಸೋಡಿಯಂ ಹೈಡ್ರಾಕ್ಸೈಡ್ ಬೀಕರಿಗೆ.